ಸೂಪರ್‌ಹೀರೋ ಮೇಲೆ ಕಂಪ್ಲೇಂಟ್ ಎಲ್ಲಿ ಕೊಡೋದು?

ಸೂಪರ್‌ಹೀರೋಗಳು ನಿಜವಾಗ್ಲೂ ಇದ್ದಿದ್ರೆ ಜನ ಅವರನ್ನ ನಂಬ್ತಿದ್ರಾ? ಹಾಲಿವುಡ್ಡಿನವರು ಈ ಪ್ರಶ್ನೆಯನ್ನ ಎತ್ತಿದಾಗಲೆಲ್ಲ ಹೆಚ್ಚುಕಮ್ಮಿ ಒಂದೇ ಉತ್ತರ ಕೊಡ್ತಾರೆ: ಇಲ್ಲ, ನಂಬ್ತಿರಲಿಲ್ಲ. 2004ರ 'ದಿ ಇನ್‌ಕ್ರೆಡಿಬಲ್ಸ್' ನೆನಪಿಸಿಕೊಳ್ಳಿ. ಸಾಯೋಕೆ ಅಂತ ಕಟ್ಟಡದಿಂದ ಹಾರಿದವನನ್ನ ಹೀರೋ ಹಿಡಿದು ಉಳಿಸ್ತಾನೆ. ಉಳಿದವನು 'ಉಳಿಸು ಅಂತ ನಾನೇನು ಕೇಳಿದ್ನಾ' ಅಂತ ಅವನ ಮೇಲೇ ಕೇಸು ಹಾಕ್ತಾನೆ! 2016ರಲ್ಲಿ ಬಂದ 'ಸಿವಿಲ್ ವಾರ್'ನಲ್ಲಿ 117 ದೇಶಗಳು ಸೇರಿ ಅವೆಂಜರ್ಸ್‌ಗೆ ಮೂಗುದಾರ ಹಾಕೋ ಒಪ್ಪಂದ ಬರೆಯುತ್ತವೆ. ಅದೇ ವರ್ಷದ 'ಬ್ಯಾಟ್‌ಮ್ಯಾನ್ ವರ್ಸಸ್ ಸೂಪರ್‌ಮ್ಯಾನ್'ನಲ್ಲಿ ಸೂಪರ್‌ಮ್ಯಾನ್ ಅನ್ನೋ ಸೂಪರ್‌ಮ್ಯಾನೇ ಸೆನೆಟ್ ವಿಚಾರಣೆಗೆ ಬಂದು ನಿಂತ್ಕೋತಾನೆ.

ಒಳ್ಳೆ ಕಲ್ಪನೆ. ಆದರೆ ಇದನ್ನ ಬರೆದವರು ನಮ್ಮ ಕಡೆಯ ಜನರನ್ನ ನೋಡಿಲ್ಲ. ಮೆಜೆಸ್ಟಿಕ್‌ನಲ್ಲಿ ಒಬ್ಬ ಕೇಪ್ ಹಾಕ್ಕೊಂಡು ಇಳಿದು, ಸರಗಳ್ಳನೊಬ್ಬನನ್ನ ಹಿಡಿದು ಫ್ಲೈಓವರ್‌ನಿಂದ ತಲೆಕೆಳಗಾಗಿ ನೇತುಹಾಕಲಿ. ಮೊದಲನೇ ವಾರ ಫ್ಲೆಕ್ಸು. ಎರಡನೇ ವಾರ ಅಭಿಮಾನಿಗಳ ಸಂಘ, ಆಟೋ ಹಿಂದೆ ಸ್ಟಿಕರ್, ಕಟೌಟಿಗೆ ಹಾಲು. ತಿಂಗಳು ತುಂಬೋ ಹೊತ್ತಿಗೆ ಮೂರು ಪಕ್ಷದವರು ಟಿಕೆಟ್ ಹಿಡ್ಕೊಂಡು ಅವನ ಮನೆ ಎಲ್ಲಿ ಅಂತ ಹುಡುಕ್ತಿರ್ತಾರೆ. ಆ ಸರಗಳ್ಳ ನಿಜವಾಗ್ಲೂ ಸರಗಳ್ಳನೇನಾ ಅಂತ ಕೇಳಿದವನಿಗೆ ಸಿಗೋ ಉತ್ತರ ನಿಮಗೂ ಗೊತ್ತು. 'ನಿಮ್ಮನೆಯವರ ಸರ ಕಿತ್ತಿದ್ರೆ ಗೊತ್ತಾಗ್ತಿತ್ತು ನಿಮಗೆ.'

ನಾವು ಅನುಮಾನ ಪಡ್ತೀವಿ ಅನ್ನೋ ಚಿಂತೆ ಯಾವ ಸೂಪರ್‌ಹೀರೋಗೂ ಬೇಡ. ನಾವು ನಂಬ್ತೀವಿ, ಅದೂ ಬಹಳ ಬೇಗ ನಂಬ್ತೀವಿ. ಒಂದು ಸಲ ನಂಬಿದ ಮೇಲೆ ಕೇಳಬೇಕಾದ ಮಾಮೂಲಿ ಪ್ರಶ್ನೆಗಳನ್ನೂ ಕೇಳೋದು ಬಿಟ್ಟುಬಿಡ್ತೀವಿ. ನನ್ನ ತಕರಾರು ಇರೋದು ಇದಕ್ಕೇನೆ.

ಇದೆಲ್ಲ ಊಹೆ ಅಂತ ತಳ್ಳಿಹಾಕಬೇಡಿ. ಹಾರೋದು, ಕಣ್ಣಿಂದ ಬೆಂಕಿ ಬರೋದು ಎಲ್ಲ ಪಕ್ಕಕ್ಕಿಟ್ಟು ನೋಡಿ, ಸೂಪರ್‌ಹೀರೋ ಅಂದ್ರೆ ಏನು? ತಪ್ಪಿತಸ್ಥ ಯಾರು ಅಂತ ತಾನೇ ಪತ್ತೆ ಹಚ್ಚಿ, ತಾನೇ ತೀರ್ಮಾನ ಮಾಡಿ, ತಾನೇ ಶಿಕ್ಷೆ ಕೊಟ್ಟು, ಯಾರಿಗೂ ಲೆಕ್ಕ ಕೊಡದೆ ಮನೆಗೆ ಹೋಗೋನು. ಮುಖವಾಡ ಇರೋದೇ ಲೆಕ್ಕ ಕೇಳೋರಿಗೆ ವಿಳಾಸ ಸಿಗದೇ ಇರಲಿ ಅಂತ. ಈ ಅರ್ಥದ ಸೂಪರ್‌ಹೀರೋಗಳು ನಮ್ಮಲ್ಲಿ ಬಂದೂ ಹೋಗಿದ್ದಾರೆ, ನಾವು ಅವರ ಮೇಲೆ ಹೂವೂ ಸುರಿದಿದ್ದೇವೆ.

ಹೂವು ಅಂತ ಸುಮ್ಮನೆ ಮಾತಿಗೆ ಹೇಳ್ತಿಲ್ಲ. 2019ರ ನವೆಂಬರ್ ಕೊನೆಯಲ್ಲಿ ಹೈದರಾಬಾದ್ ಹೊರವಲಯದ ಶಂಶಾಬಾದ್ ಟೋಲ್ ಹತ್ತಿರ ಯುವ ಪಶುವೈದ್ಯೆಯೊಬ್ಬರ ಮೇಲೆ ಅತ್ಯಾಚಾರ ಮಾಡಿ, ಕೊಂದು, ಸುಟ್ಟುಹಾಕಿದ್ರು. ನಾಲ್ಕು ಜನರ ಬಂಧನ ಆಯ್ತು. ಡಿಸೆಂಬರ್ 6ರ ನಸುಕಿನಲ್ಲಿ ಸ್ಥಳ ಮಹಜರಿಗೆ ಅಂತ ಆ ನಾಲ್ವರನ್ನೂ ಚಟಾನ್‌ಪಲ್ಲಿಗೆ ಕರ್ಕೊಂಡು ಹೋದ ಪೊಲೀಸರು ಗುಂಡು ಹೊಡೆದ್ರು. ನಾಲ್ವರೂ ಸತ್ತರು. ನಮ್ಮ ಆಯುಧ ಕಿತ್ಕೊಂಡು ನಮ್ಮ ಮೇಲೇ ದಾಳಿ ಮಾಡಿದ್ರು ಅನ್ನೋದು ಪೊಲೀಸರ ಹೇಳಿಕೆ. ಬೆಳಗಾಗೋ ಹೊತ್ತಿಗೆ ಅಲ್ಲಿ ಜಾತ್ರೆ. ಸೇತುವೆ ಮೇಲಿಂದ ಪೊಲೀಸರ ಮೇಲೆ ಹೂವಿನ ಪಕಳೆ ಸುರಿದ್ರು, ಪಟಾಕಿ ಹೊಡೆದ್ರು, ಸ್ವೀಟ್ ಹಂಚಿದ್ರು, ಹೆಣ್ಣುಮಕ್ಕಳು ಪೊಲೀಸರ ಕೈಗೆ ರಾಖಿ ಕಟ್ಟಿದ್ರು. ಆಗಿನ ಸೈಬರಾಬಾದ್ ಪೊಲೀಸ್ ಕಮಿಷನರ್ ಹುಬ್ಬಳ್ಳಿ ಮೂಲದವರು, ಹಾಗಾಗಿ ಆ ಹೆಮ್ಮೆಯಲ್ಲಿ ನಮಗೂ ಒಂದು ಪಾಲು ಬಂತು. ಆವತ್ತಿನ ನಿಮ್ಮ ಕಾಲೇಜ್ ಗ್ರೂಪ್, ಆಫೀಸ್ ಗ್ರೂಪ್, ಅಪಾರ್ಟ್‌ಮೆಂಟ್ ಗ್ರೂಪ್ ಹೇಗಿತ್ತು ಅಂತ ನೆನಪಿದ್ಯಾ?

ಆ ಸಿಟ್ಟು ಸುಳ್ಳು ಅಂತ ನಾನು ಹೇಳೋಕೆ ಹೊರಟಿಲ್ಲ. ಆ ಸುದ್ದಿ ಓದಿ ರಕ್ತ ಕುದಿಯದವರು ಯಾರಿದ್ದಾರೆ? ನಾನು ಹೇಳೋದು ಆ ಹೂವಿನ ರಾಶಿಯ ಅಡಿ ಏನು ಮುಚ್ಚಿಹೋಯ್ತು ಅನ್ನೋದನ್ನ.

ಆ ರಾತ್ರಿ ಮಗಳು ಮನೆಗೆ ಬರದಿದ್ದಾಗ ಆ ಕುಟುಂಬ ಪೊಲೀಸ್ ಠಾಣೆಗೆ ಹೋಗಿತ್ತು. 'ಇದು ನಮ್ಮ ಲಿಮಿಟ್ಸ್ ಅಲ್ಲ' ಅಂತ ಒಂದು ಠಾಣೆಯಿಂದ ಇನ್ನೊಂದು ಠಾಣೆಗೆ ಓಡಾಡಿಸಿದ್ರು, ಅಮೂಲ್ಯವಾದ ಹೊತ್ತು ಅದರಲ್ಲೇ ಕಳೀತು ಅನ್ನೋದು ಆ ಮನೆಯವರ ದೂರು. ಎಫ್‌ಐಆರ್ ದಾಖಲು ಮಾಡೋಕೆ ತಡ ಮಾಡಿದ್ದಕ್ಕೆ ಮೂವರು ಪೊಲೀಸರನ್ನ ಸಸ್ಪೆಂಡ್ ಕೂಡ ಮಾಡಿದ್ರು. ಆ ಒಂದು ವಾರ ದೇಶ ಸರಿಯಾದ ಪ್ರಶ್ನೆಗಳನ್ನೇ ಕೇಳ್ತಾ ಇತ್ತು. ಲಿಮಿಟ್ಸ್ ಯಾವುದಾದ್ರೂ ಇರಲಿ, ಮೊದಲು ಹೋದ ಠಾಣೆಯಲ್ಲೇ ಎಫ್‌ಐಆರ್ ಯಾಕೆ ಬರ್ಕೊಳ್ಳಲ್ಲ? ಹೆದ್ದಾರಿಯಲ್ಲಿ ರಾತ್ರಿ ಗಸ್ತು ಯಾಕಿಲ್ಲ? ಟೋಲ್ ಪಕ್ಕದಲ್ಲಿ ಲಾರಿ ನಿಲ್ಲಿಸ್ಕೊಂಡು ಕುಡಿಯೋರನ್ನ ಯಾರೂ ಯಾಕೆ ಎಬ್ಬಿಸಲ್ಲ? ಡಿಸೆಂಬರ್ 6ರ ನಂತರ ಈ ಪ್ರಶ್ನೆಗಳ ಸದ್ದು ಅಡಗಿತು. ಹಿಂದಿನ ವಾರ ಎಫ್‌ಐಆರ್ ಬರ್ಕೊಳ್ಳೋಕೆ ಪೆನ್ನು ಎತ್ತದ ವ್ಯವಸ್ಥೆ, ಮುಂದಿನ ವಾರ ಬಂದೂಕು ಎತ್ತಿ ಹೀರೋ ಆಯ್ತು. ಮಾಮೂಲಿ ಕೆಲಸ ನೆಟ್ಟಗೆ ಮಾಡದವರಿಗೆ ಇದಕ್ಕಿಂತ ಸಲೀಸಾದ ದಾರಿ ಇನ್ನೊಂದಿದ್ಯಾ?

ಮುಂದೆ ಏನಾಯ್ತು ಅನ್ನೋದು ಅದೇ ಗ್ರೂಪುಗಳಲ್ಲಿ ಬರಲಿಲ್ಲ, ಅದಕ್ಕೆ ಇಲ್ಲಿ ಬರೀತೀನಿ. ಸುಪ್ರೀಂ ಕೋರ್ಟ್ ನಿವೃತ್ತ ನ್ಯಾಯಮೂರ್ತಿ ವಿ.ಎಸ್. ಸಿರ್ಪುರ್ಕರ್ ನೇತೃತ್ವದಲ್ಲಿ ಆಯೋಗ ನೇಮಿಸಿತು. 2022ರ ಮೇನಲ್ಲಿ ವರದಿ ಬಹಿರಂಗವಾಯ್ತು. ಪೊಲೀಸರ ಕಥೆಯನ್ನ ಆಯೋಗ ನಂಬಲಿಲ್ಲ. ಸಾಯಿಸಬೇಕು ಅಂತಲೇ ಬೇಕೆಂದು ಗುಂಡು ಹಾರಿಸಿದ್ದಾರೆ ಅಂತ ಹೇಳಿ, ಹತ್ತು ಪೊಲೀಸರನ್ನ ಕೊಲೆ ಆರೋಪದಡಿ ವಿಚಾರಣೆ ಮಾಡಿ ಅಂತ ಶಿಫಾರಸು ಮಾಡಿತು. ಸತ್ತ ನಾಲ್ವರಲ್ಲಿ ಮೂವರು ಘಟನೆ ನಡೆದಾಗ ಅಪ್ರಾಪ್ತರಾಗಿದ್ರು ಅಂತಲೂ ಹೇಳಿತು. ಆ ವರದಿಯ ಮೇಲಿನ ಕಾನೂನು ಜಗಳ ಆಮೇಲೆ ಹೈಕೋರ್ಟಿಗೆ ಹೋಯ್ತು. ಆ ನಾಲ್ವರು ಅಪರಾಧ ಮಾಡಿದ್ರೋ ಇಲ್ವೋ ಅನ್ನೋದನ್ನ ಯಾವ ಕೋರ್ಟೂ ತೀರ್ಮಾನ ಮಾಡಲಿಲ್ಲ, ಇನ್ನು ಮಾಡೋ ದಾರಿಯೂ ಇಲ್ಲ. ಮಾಡಿದ್ದೇ ಆಗಿದ್ರೆ ಆ ಹೆಣ್ಣುಮಗಳ ಮನೆಯವರಿಗೆ ಒಂದು ತೀರ್ಪು ಸಿಗಬೇಕಿತ್ತು. ಮಾಡಿಲ್ಲ ಅಂದ್ರೆ ಮಾಡಿದವರು ಯಾರು ಅಂತ ಹುಡುಕೋರು ಯಾರು? ಎನ್‌ಕೌಂಟರ್ ಆದ ಕೇಸಿನಲ್ಲಿ ಈ ಎರಡನೇ ಪ್ರಶ್ನೆ ಕೇಳೋಕೆ ಯಾರಿಗೂ ಮನಸ್ಸಿರಲ್ಲ. ಫೈಲು ಮುಚ್ಚಿರುತ್ತೆ.

ಈಗ ನಿಮ್ಮ ಮಾತು ನನಗೆ ಕೇಳಿಸ್ತಿದೆ. 'ಕೋರ್ಟಿಗೆ ಹೋದ್ರೆ ಏನಾಗುತ್ತೆ ಗುರೂ? ನಿರ್ಭಯಾ ಕೇಸು 2012ರ ಡಿಸೆಂಬರ್‌ದು. ಗಲ್ಲು ಆಗಿದ್ದು 2020ರ ಮಾರ್ಚ್‌ನಲ್ಲಿ. ದೇಶ ಪೂರ್ತಿ ಕಣ್ಣಿಟ್ಟು ಕೂತಿದ್ದ ಕೇಸಿಗೇ ಏಳು ವರ್ಷ. ನಮ್ಮಂಥವರ ಕೇಸಿಗೆ?' ಒಪ್ಪಿದೆ. ದೇಶದ ಕೋರ್ಟುಗಳಲ್ಲಿ 5 ಕೋಟಿಗೂ ಹೆಚ್ಚು ಕೇಸು ಕೊಳೀತಾ ಬಿದ್ದಿವೆ. ಸೈಟಿನ ವ್ಯಾಜ್ಯ ಹಾಕಿದ ಅಜ್ಜ ಹೋಗಿ, ಅಪ್ಪ ಮುದುಕನಾಗಿ, ಮೊಮ್ಮಗ ವಾಯಿದೆಗೆ ಓಡಾಡ್ತಿರೋ ಮನೆ ನಿಮ್ಮ ಬೀದಿಯಲ್ಲೇ ಒಂದಿರುತ್ತೆ. ಸೂಪರ್‌ಹೀರೋ ಪರ ಇರೋ ವಾದಗಳಲ್ಲಿ ಗಟ್ಟಿಯಾದದ್ದು ಇದೊಂದೇ.

ಆದ್ರೆ ಈ ವಾದ ಹೇಳೋದು ಏನನ್ನ? ಕೋರ್ಟು ನಿಧಾನ, ಹಾಗಾಗಿ ಕೋರ್ಟೇ ಬೇಡ ಅನ್ನೋದನ್ನ. ಬಿಎಂಟಿಸಿ ಬಸ್ಸು ತಡವಾಗಿ ಬರುತ್ತೆ, ಅದಕ್ಕೆ ಡ್ರೈವರ್ ಇಲ್ಲದ ಬಸ್ಸು ಬಿಡಿ ಅಂದ ಹಾಗೆ. ನ್ಯಾಯಾಧೀಶರ ಹುದ್ದೆ ತುಂಬಿ, ವಿಧಿವಿಜ್ಞಾನ ಲ್ಯಾಬ್ ವರದಿ ಬೇಗ ಕೊಡಿ, ಸಾಕ್ಷಿ ಹೇಳೋರಿಗೆ ರಕ್ಷಣೆ ಕೊಡಿ ಅಂತ ಕೇಳಿದ್ರೆ ಯಾರೂ ಪಟಾಕಿ ಹೊಡೆಯಲ್ಲ, ನಿಜ. ಅದರ ಮೇಲೆ ರೀಲ್ಸ್ ಮಾಡೋಕೂ ಆಗಲ್ಲ.

ಇಲ್ಲೊಂದು ತಮಾಷೆ ಹೇಳ್ತೀನಿ. ಸೂಪರ್‌ಮ್ಯಾನ್ ಹುಟ್ಟಿದ್ದು 1938ರಲ್ಲಿ. ಶುರುವಿನ ಕಥೆಗಳಲ್ಲಿ ಅವನು ಈಗಿನಷ್ಟು ಸಾಧು ಅಲ್ಲ. 1939ರ ಜನವರಿ ಸಂಚಿಕೆಯ ಕಥೆಯೊಂದರಲ್ಲಿ, ಕೊಳೆಗೇರಿಯ ಹುಡುಗರು ದಾರಿ ತಪ್ಪೋಕೆ ಆ ಮನೆಗಳೇ ಕಾರಣ ಅಂತ ತೀರ್ಮಾನಿಸಿ, ಇಡೀ ಕೊಳೆಗೇರಿಯನ್ನೇ ಕೈಯಾರೆ ಕೆಡವಿಹಾಕ್ತಾನೆ. ಕೆಡವಿದ್ರೆ ಸರ್ಕಾರ ಹೊಸ ಮನೆ ಕಟ್ಟಿಸಲೇಬೇಕಲ್ಲ ಅನ್ನೋದು ಅವನ ಲೆಕ್ಕ. ಕಥೆಯಲ್ಲಿ ಸರ್ಕಾರ ಕಟ್ಟಿಸುತ್ತೆ ಕೂಡ! ಅದು ಕಾಮಿಕ್ಸು. ಎಂಬತ್ತು ವರ್ಷ ಕಳೆದ ಮೇಲೆ ಅದೇ ಕೆಲಸಕ್ಕೆ ನಮ್ಮಲ್ಲಿ ಬುಲ್ಡೋಜರ್ ಬಂತು. ಆರೋಪ ಬಂದ ಮರುದಿನವೇ ಆರೋಪಿಯ ಮನೆ ಮುಂದೆ ಜೆಸಿಬಿ. ಟೀವಿಯಲ್ಲಿ ಲೈವ್, ನೋಡೋರಿಂದ ಚಪ್ಪಾಳೆ. ಆ ಮನೆಯಲ್ಲಿ ಆರೋಪಿಯ ತಾಯಿ, ತಂಗಿ, ಮಕ್ಕಳೂ ಇದ್ರು, ಮನೆ ಅವನ ಹೆಸರಲ್ಲಿ ಇತ್ತೋ ಇಲ್ವೋ, ಯಾರು ಕೇಳಿದ್ರು? ಕೊನೆಗೆ ಕೇಳಿದ್ದು ಸುಪ್ರೀಂ ಕೋರ್ಟು. ಆರೋಪಿ ಅನ್ನೋ ಒಂದೇ ಕಾರಣಕ್ಕೆ ಮನೆ ಕೆಡವೋ ಹಾಗಿಲ್ಲ, ಕನಿಷ್ಠ 15 ದಿನದ ನೋಟಿಸ್ ಕೊಡಬೇಕು, ನಿಯಮ ಮೀರಿ ಕೆಡವಿದ್ರೆ ನಷ್ಟವನ್ನ ಅಧಿಕಾರಿಗಳ ಕೈಯಿಂದಲೇ ವಸೂಲಿ ಮಾಡ್ತೀವಿ ಅಂತ 2024ರ ನವೆಂಬರ್ 13ರಂದು ತೀರ್ಪು ಬಂತು. ನಾವು ನಿಧಾನ ಅಂತ ಬೈಯ್ಯೋ ಅದೇ ಕೋರ್ಟು.

ಇನ್ನು ನಮ್ಮದೇ ರಾಜ್ಯದ ಕಥೆಗೆ ಬರೋಣ. ನೀವು 90ರ ದಶಕದಲ್ಲಿ ಹುಟ್ಟಿದವರಾದ್ರೆ ವೀರಪ್ಪನ್ ನಿಮಗೆ ಓಟಿಟಿಯಲ್ಲಿ ನೋಡಿದ ಸೀರೀಸು. ನಮ್ಮ ಅಪ್ಪ ಅಮ್ಮಂದಿರಿಗೆ ಅವನು ದಿನಾ ಬೆಳಗಿನ ಪೇಪರು. ಅರಣ್ಯಾಧಿಕಾರಿ ಶ್ರೀನಿವಾಸ್ ಅವರನ್ನ 1991ರಲ್ಲಿ ಕೊಂದ. ಮರುವರ್ಷ ಎಸ್ಪಿ ಹರಿಕೃಷ್ಣ ಅವರನ್ನ ಕೊಂದ. 1993ರಲ್ಲಿ ಪಾಲಾರ್ ಹತ್ತಿರ ನೆಲಬಾಂಬ್ ಇಟ್ಟು 22 ಜನರ ಜೀವ ತೆಗೆದ. 2000ದಲ್ಲಿ ಅಣ್ಣಾವ್ರನ್ನ ಹೊತ್ಕೊಂಡು ಹೋಗಿ 108 ದಿನ ಕಾಡಲ್ಲಿ ಇಟ್ಕೊಂಡ. ಅವನನ್ನ ಹಿಡಿಯೋಕೆ ಅಂತ ಎರಡು ರಾಜ್ಯಗಳು ವಿಶೇಷ ಕಾರ್ಯಪಡೆ ಕಟ್ಟಿದವು. ಎಸ್‌ಟಿಎಫ್ ಅಂದ್ರೆ ಬೆಂಗಳೂರು, ಮೈಸೂರಿನ ಮಧ್ಯಮ ವರ್ಗಕ್ಕೆ ಆಗ ಅವೆಂಜರ್ಸ್ ಇದ್ದ ಹಾಗೆ. ಆ ಪಡೆಯಲ್ಲಿ ನಿಜವಾದ ಧೈರ್ಯವಂತರಿದ್ರು, ಕಾಡಿನಲ್ಲಿ ಪ್ರಾಣ ಕೊಟ್ಟವರಿದ್ರು. 2004ರ ಅಕ್ಟೋಬರ್ 18ರಂದು ತಮಿಳುನಾಡು ಪಡೆ ಅವನನ್ನ ಕೊಂದಾಗ ಆ ಸರ್ಕಾರ ಬಡ್ತಿ, ನಗದು, ಸೈಟು ಎಲ್ಲ ಕೊಟ್ಟಿತು.

ಆದ್ರೆ ಅದೇ ಪಡೆಯ ಬಗ್ಗೆ ಮಲೆ ಮಹದೇಶ್ವರ ಬೆಟ್ಟದ ಸುತ್ತಮುತ್ತಲ ಸೋಲಿಗರನ್ನ, ಹಳ್ಳಿ ಜನರನ್ನ ಕೇಳಿದ್ರೆ ಬೇರೆ ಕಥೆ. ವೀರಪ್ಪನ್‌ಗೆ ಅಕ್ಕಿ ಕೊಟ್ಟೆ, ದಾರಿ ತೋರಿಸಿದೆ ಅನ್ನೋ ಅನುಮಾನದ ಮೇಲೆ ಹಿಡ್ಕೊಂಡು ಹೋಗಿದ್ದು, ಟಾಡಾ ಕೇಸು ಹಾಕಿ ವರ್ಷಗಟ್ಟಲೆ ಜೈಲಲ್ಲಿ ಕೊಳೆಸಿದ್ದು, ಕ್ಯಾಂಪಿನಲ್ಲಿ ಕೊಟ್ಟ ಹಿಂಸೆ. ಬೆಟ್ಟದ ಮೇಲಿನ ಆ ಹಿಂಸೆಯ ಜಾಗಕ್ಕೆ ಒಂದು ಹೆಸರೂ ಇತ್ತು, 'ವರ್ಕ್‌ಶಾಪ್' ಅಂತ. ನಾವು ಆಫೀಸಲ್ಲಿ ಸ್ಟಿಕಿ ನೋಟ್ ಅಂಟಿಸೋಕೆ ಬಳಸೋ ಅದೇ ಪದ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನೇಮಿಸಿದ ನ್ಯಾಯಮೂರ್ತಿ ಎ.ಜೆ. ಸದಾಶಿವ ಸಮಿತಿ ಮುಂದೆ ಜನ ಬಂದು ಅನುಭವಿಸಿದ್ದನ್ನ ಹೇಳ್ಕೊಂಡ್ರು. 2007ರಲ್ಲಿ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡಿ ಅಂತ ಆಯೋಗ ಹೇಳಿತು. ತಲೆಗೆ ಲೆಕ್ಕ ಹಾಕಿದ್ರೆ ಮೂರು ಲಕ್ಷ ಚಿಲ್ಲರೆ.

ಎಸ್‌ಟಿಎಫ್ ಮೇಲೆ ಜನಕ್ಕೆ ನಂಬಿಕೆ ಇತ್ತಾ ಅಂತ ಕೇಳಿದ್ರೆ, ಯಾವ ಜನಕ್ಕೆ ಅಂತ ವಾಪಸ್ ಕೇಳಬೇಕಾಗುತ್ತೆ. ಬೆಂಗಳೂರಿನ ಸೋಫಾ ಮೇಲೆ ಕೂತವರಿಗೆ ನೂರಕ್ಕೆ ನೂರು ನಂಬಿಕೆ. ಹನೂರಿನ ಆಚೆ ಕಾಡಂಚಿನಲ್ಲಿ ಇದ್ದವರಿಗೆ ಜೀಪಿನ ಸದ್ದು ಕೇಳಿದ್ರೆ ಎದೆ ನಡುಗೋದು. ಹೀರೋನ ಕೈ ಯಾರ ಕೊರಳಿಗೆ ಎಟುಕುತ್ತೋ ಅವರನ್ನ ಸರ್ವೆ ಮಾಡೋಕೆ ಯಾರೂ ಹೋಗಲ್ಲ. ಸಿನಿಮಾದಲ್ಲೂ ನೋಡಿ, ಬ್ಯಾಟ್‌ಮ್ಯಾನ್ ಕಾರು ಗುದ್ದಿ ಹಾಳಾದ ತರಕಾರಿ ಗಾಡಿಯವನಿಗೆ ಡೈಲಾಗ್ ಇರಲ್ಲ.

ಸಾಯಿಕುಮಾರ್ ಅವರ 'ಪೊಲೀಸ್ ಸ್ಟೋರಿ' ಬಂದ 1996ರಿಂದ, ತಮಿಳಿನ 'ಸಿಂಗಂ' ಕನ್ನಡಕ್ಕೆ 'ಕೆಂಪೇಗೌಡ' ಆಗಿ ಬಂದ 2011ರವರೆಗೆ, ಅಲ್ಲಿಂದ ಇಲ್ಲಿವರೆಗೂ, ನಾವು ನೋಡಿ ಬೆಳೆದಿದ್ದು ಇದನ್ನೇ. ನಾನೂ ವಿಜಿಲ್ ಹೊಡೆದಿದ್ದೀನಿ, ಮುಂದೆಯೂ ಹೊಡೀತೀನಿ. ಥಿಯೇಟರ್‌ನಲ್ಲಿ ಹೊಡೆಯೋದಕ್ಕೆ ನನ್ನ ತಕರಾರಿಲ್ಲ. ಥಿಯೇಟರ್‌ನಲ್ಲಿ ವಿಲನ್ ಯಾರು ಅಂತ ನಮಗೆ ಮೊದಲೇ ಗೊತ್ತಿರುತ್ತೆ, ಅವನು ತಪ್ಪು ಮಾಡಿದ್ದನ್ನ ನಾವೇ ಕಣ್ಣಾರೆ ನೋಡಿರ್ತೀವಿ. ರಸ್ತೆಯಲ್ಲಿ ನಡೆಯೋ ಕಥೆಗೆ ಆ ಫಸ್ಟ್ ಹಾಫ್ ಇರಲ್ಲ, ಸೀದಾ ಕ್ಲೈಮ್ಯಾಕ್ಸ್. ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿ ಗೌತಮ್ ಪಟೇಲ್ 2023ರಲ್ಲಿ, ಅದೂ ಪೊಲೀಸರದ್ದೇ ಒಂದು ಸಭೆಯಲ್ಲಿ, ಸಿಂಗಂ ಥರದ ಸಿನಿಮಾಗಳು ಅಪಾಯಕಾರಿ ಸಂದೇಶ ಕೊಡ್ತವೆ ಅಂದಿದ್ರು. ಸೋಷಿಯಲ್ ಮೀಡಿಯಾದಲ್ಲಿ ಅವರಿಗೆ ಬಿದ್ದ ಬೈಗುಳ ನೋಡಿದ್ರೆ ಸಂದೇಶ ತಲುಪಿದೆ ಅಂತಲೇ ಅರ್ಥ.

ಕ್ಲೈಮ್ಯಾಕ್ಸ್ ಮಾತ್ರ ಇರೋ ಕಥೆಯಲ್ಲಿ ಹೀರೋ ಪಾತ್ರಕ್ಕೆ ಖಾಕಿಯೇ ಬೇಕು ಅಂತೇನಿಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಗೆ ಹೈದರಾಬಾದ್ ಕಡೆಯಿಂದ ಕೆಲವು ಗೆಳೆಯರು ಸುತ್ತಾಡೋಕೆ ಬಂದಿದ್ರು. ದಾರಿಯಲ್ಲಿ ಸಿಕ್ಕ ಮಕ್ಕಳಿಗೆ ಚಾಕೊಲೇಟ್ ಕೊಟ್ರು. ಆ ದಿನಗಳಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನೋ ವಾಟ್ಸಾಪ್ ಸುದ್ದಿ ಎಲ್ಲ ಕಡೆ ಹರಿದಾಡ್ತಿತ್ತು. ಜನ ಅಟ್ಟಿಸ್ಕೊಂಡು ಹೋದ್ರು, ಮುಂದಿನ ಊರಿಗೆ ಮೆಸೇಜ್ ಹೋಯ್ತು, ಅಲ್ಲಿ ದಾರಿಗೆ ಅಡ್ಡ ಹಾಕಿ ಹೊಡೆದ್ರು. ಬಿಡಿಸೋಕೆ ಬಂದ ಪೊಲೀಸರಿಗೂ ಗಾಯ ಆಯ್ತು. ಒಬ್ಬ ಸತ್ತ. ಸಾಫ್ಟ್‌ವೇರ್ ಎಂಜಿನಿಯರ್. ಇದನ್ನ ಓದ್ತಿರೋ ನಿಮ್ಮಲ್ಲಿ ಎಷ್ಟೋ ಜನರ ಹಾಗೇ ವೀಕೆಂಡ್ ಸುತ್ತೋಕೆ ಬಂದಿದ್ದವನು. ಅವನನ್ನ ಹೊಡೆದ ಗುಂಪಿನಲ್ಲಿ ಒಬ್ಬೊಬ್ಬನೂ ತಾನು ಮಕ್ಕಳನ್ನ ಕಾಪಾಡ್ತಿದ್ದೀನಿ ಅಂತಲೇ ಅಂದ್ಕೊಂಡಿದ್ದ. ಆವತ್ತು ಆ ರಸ್ತೆಯಲ್ಲಿ ಇದ್ದವರೆಲ್ಲ ಅವರವರ ಲೆಕ್ಕದಲ್ಲಿ ಹೀರೋಗಳೇ.

ಹಾಗಾದ್ರೆ ಅಸಾಧಾರಣ ಶಕ್ತಿ ಇರೋ ಯಾರನ್ನೂ ನಂಬಲೇಬಾರದಾ? ಹಾಗಲ್ಲ. ಇಲ್ಲಿ ಒಂದು ಗೆರೆ ಎಳೆಯಬಹುದು ಅನ್ಸುತ್ತೆ. ಎತ್ತೋ ಕೈ ಬೇರೆ, ಹೊಡೆಯೋ ಕೈ ಬೇರೆ. ಉರುಳಿದ ಬಸ್ಸನ್ನ ಎತ್ತಿ ಹಿಡಿಯೋನು ಒಳಗಿದ್ದವರಲ್ಲಿ ಯಾರು ಒಳ್ಳೆಯವರು, ಯಾರು ಕೆಟ್ಟವರು ಅಂತ ತೀರ್ಮಾನ ಮಾಡಬೇಕಾಗಿಲ್ಲ. 2018ರ ಆಗಸ್ಟ್ ಪ್ರವಾಹದಲ್ಲಿ ಕೇರಳದ ಮೀನುಗಾರರು ತಮ್ಮ ದೋಣಿಗಳನ್ನ ಲಾರಿ ಮೇಲೆ ಹೇರ್ಕೊಂಡು ಬಂದು, ಮುಳುಗಿದ ಊರುಗಳಿಂದ ಸಾವಿರಾರು ಜನರನ್ನ ಹೊರಗೆ ತಂದ್ರು. ಮುಖವಾಡ ಇರಲಿಲ್ಲ, ದೋಣಿ ಮೇಲೆ ರಿಜಿಸ್ಟ್ರೇಷನ್ ನಂಬರ್ ಇತ್ತು, ಕೆಲಸ ಮುಗಿದ ಮೇಲೆ ಸಮುದ್ರಕ್ಕೆ ವಾಪಸ್ ಹೋದ್ರು. ಅಂಥವರನ್ನ ನಂಬೋದರಲ್ಲಿ ಏನೂ ನಷ್ಟವಿಲ್ಲ. ಅವರ ಮೇಲೊಂದು ಸಿನಿಮಾ ಬಂತು, ಒಳ್ಳೇದೇ ಆಯ್ತು. ಆದ್ರೆ ಮಾಸ್ ಎಂಟ್ರಿ, ಸ್ಲೋ ಮೋಷನ್, ಫ್ರಾಂಚೈಸ್ ಎಲ್ಲ ಮೀಸಲು ಹೊಡೆಯೋ ಕೈಗೆ.

ಮುಖವಾಡ ಹಾಕ್ಕೊಂಡೂ ನಂಬಿಕೆ ಉಳಿಸ್ಕೊಂಡ ಒಬ್ಬ ಇದ್ದ ಅಂತ ಇಲ್ಲಿ ಹೇಳಲೇಬೇಕು. ಮೆಕ್ಸಿಕೋ ಸಿಟಿಯವನು, ಹೆಸರು ಸೂಪರ್‌ಬಾರ್ರಿಯೋ. 1985ರ ಭೂಕಂಪದಲ್ಲಿ ಮನೆ ಕಳ್ಕೊಂಡ ಬಡವರ ಸಂಘಟನೆಯಿಂದ 1987ರಲ್ಲಿ ಹುಟ್ಕೊಂಡ ಪಾತ್ರ ಅದು. ಕೆಂಪು ಹಳದಿ ಕುಸ್ತಿ ವೇಷ, ಮುಖಕ್ಕೆ ಮುಖವಾಡ, ನೋಡಿದ್ರೆ ಥೇಟ್ ನಮ್ಮ ನಾಟಕ ಕಂಪನಿಯ ರಾಕ್ಷಸ. ಬಾಡಿಗೆದಾರರನ್ನ ಹೊರಗೆ ಹಾಕೋಕೆ ಬಂದ ಕಡೆ ಹೋಗಿ ನಿಲ್ತಿದ್ದ. ಹೊಡೆದಾಟಕ್ಕೆ ಅಲ್ಲ. ಅವನ ಹಿಂದೆ ಜನ ಸೇರೋರು, ಕ್ಯಾಮೆರಾ ಬರೋದು, ಅಧಿಕಾರಿಗಳು ಮಾತುಕತೆಗೆ ಕೂರಬೇಕಾಗೋದು. ವೇಷದ ಹಿಂದಿದ್ದವನು ಏನು ಮಾಡಬೇಕು ಅಂತ ತೀರ್ಮಾನ ಆಗ್ತಿದ್ದದ್ದು ಸಂಘಟನೆಯ ಸಭೆಯಲ್ಲಿ. ಅವನಿಗೆ ಬಾಸ್‌ಗಳಿದ್ರು ಅನ್ನಿ. ಯಾರಿಗೂ ಉತ್ತರ ಕೊಡಬೇಕಾಗಿಲ್ಲದ ಬ್ಯಾಟ್‌ಮ್ಯಾನ್‌ಗೂ ಇವನಿಗೂ ಇರೋ ವ್ಯತ್ಯಾಸ ಅಷ್ಟೇ, ಆದ್ರೆ ಅದು ಸಣ್ಣದಲ್ಲ.

ಈ ವ್ಯತ್ಯಾಸ ನಿಮಗೆ ಹೊಸದೇನಲ್ಲ. ಬೆಳಗ್ಗೆ ಹತ್ತರಿಂದ ಸಂಜೆ ಏಳರವರೆಗೆ ನೀವು ಮಾಡೋ ಕೆಲಸವೇ ಇದು. ಎಷ್ಟೇ ಜಾಣ ಡೆವಲಪರ್ ಇರಲಿ, ರಿವ್ಯೂ ಇಲ್ಲದೆ ಪ್ರೊಡಕ್ಷನ್‌ಗೆ ಕೋಡ್ ಹಾಕೋಕೆ ಬಿಡ್ತೀರಾ? ಬ್ಯಾಂಕಿನಲ್ಲಿ ಇದ್ರೆ, ಎಂಟ್ರಿ ಹಾಕಿದವನೇ ಅದನ್ನ ಪಾಸ್ ಮಾಡೋ ಹಾಗಿಲ್ಲ ಅನ್ನೋದು ಮೊದಲನೇ ವಾರದ ಪಾಠ. ಅದು ಅವನು ಕಳ್ಳ ಅಂತಲ್ಲ, ಮನುಷ್ಯ ಅಂತ. ನಾನು ಹಿಂದೆ ಕೆಲಸ ಮಾಡ್ತಿದ್ದ ಒಂದು ಕಡೆ ಸರ್ವರ್ ಬಿದ್ದಾಗಲೆಲ್ಲ ಒಬ್ಬರೇ ಬಂದು ಎಬ್ಬಿಸೋರು. ಎಲ್ಲ ಪಾಸ್‌ವರ್ಡೂ ಅವರ ತಲೆಯಲ್ಲೇ. ಪ್ರತಿ ವರ್ಷ ಪ್ರಶಸ್ತಿ ಅವರಿಗೇ. ಅವರು ಕೆಲಸ ಬಿಟ್ಟು ಹೋದ ಮೇಲೆ ಹೊಸಬರು ಕೂತು ಲಾಗ್ ತೆಗೆದು ನೋಡಿದ್ರೆ, ಅವರು ಎಬ್ಬಿಸ್ತಿದ್ದ ಸರ್ವರ್ ಅರ್ಧ ಸಲ ಬೀಳ್ತಿದ್ದದ್ದು ಅವರೇ ಯಾರಿಗೂ ಹೇಳದೆ ಮಾಡಿಟ್ಟ ಬದಲಾವಣೆಗಳಿಂದ! ಕೆಟ್ಟ ಉದ್ದೇಶ ಏನೂ ಇರಲಿಲ್ಲ. ಕೇಳೋರು ಇರಲಿಲ್ಲ ಅಷ್ಟೇ. ಎರಡು ಸಾವಿರ ರೂಪಾಯಿಯ ರೀಇಂಬರ್ಸ್‌ಮೆಂಟ್‌ಗೆ ಮೂರು ಅಪ್ರೂವಲ್ ಬೇಕು ಅನ್ನೋ ನಾವು, ಮನುಷ್ಯನೊಬ್ಬನ ಜೀವ ತೆಗೆಯೋಕೆ ಒಂದು ಅಪ್ರೂವಲ್ಲೂ ಬೇಡ ಅಂತ ಎಮೋಜಿ ಹಾಕ್ತೀವಲ್ಲ, ಅದು ನನಗೆ ಅರ್ಥ ಆಗಲ್ಲ.

ನಂಬಿಕೆ ಅಂದ್ರೆ ಕಣ್ಣು ಮುಚ್ಕೊಳ್ಳೋದು ಅಂತ ನಾವು ತಿಳ್ಕೊಂಡಿದ್ದೀವಿ. ಕರ್ನಾಟಕದಲ್ಲೇ ಕಣ್ಣು ತೆರೆದು ನಂಬಿದ ಒಂದು ಉದಾಹರಣೆ ಇದೆ, ಲೋಕಾಯುಕ್ತ. 2001ರಿಂದ ಐದು ವರ್ಷ ನ್ಯಾಯಮೂರ್ತಿ ವೆಂಕಟಾಚಲ ಅವರು ಆಸ್ಪತ್ರೆ, ಆಫೀಸು ಅಂತ ನೋಡದೆ ದಾಳಿ ಮಾಡಿ ಅಧಿಕಾರಿಗಳನ್ನ ಕ್ಯಾಮೆರಾ ಮುಂದೆ ನಿಲ್ಲಿಸಿ ಕೇಳ್ತಿದ್ದಾಗ ಅವರು ಮನೆಮಾತಾಗಿದ್ರು. ಆಮೇಲೆ ಬಂದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ ಗಣಿ ವರದಿ 2011ರಲ್ಲಿ ಮುಖ್ಯಮಂತ್ರಿಯ ಕುರ್ಚಿಯನ್ನೇ ಅಲ್ಲಾಡಿಸಿತು. ನಮ್ಮಲ್ಲಿ ಯಾವುದಾದ್ರೂ ಸಂಸ್ಥೆಗೆ ಕೇಪ್ ಹೊಲಿಸೋದಾಗಿದ್ರೆ ಅದು ಇದಕ್ಕೇ. ಆದ್ರೆ 2015ರಲ್ಲಿ ಆಗಿದ್ದೇನು? ಲೋಕಾಯುಕ್ತ ಕಚೇರಿಯ ಹೆಸರಲ್ಲೇ ಒಬ್ಬ ಎಂಜಿನಿಯರ್ ಹತ್ತಿರ ಒಂದು ಕೋಟಿ ಲಂಚ ಕೇಳಿದ್ದಾರೆ ಅನ್ನೋ ದೂರು ಬಂತು. ಆ ದೂರು ಹೋಗಿದ್ದು ಅದೇ ಸಂಸ್ಥೆಯಲ್ಲಿ ಎಸ್ಪಿ ಆಗಿದ್ದ ಸೋನಿಯಾ ನಾರಂಗ್ ಹತ್ತಿರ. ಅವರು ಅದನ್ನ ನುಂಗಿಕೊಳ್ಳದೆ ಬರವಣಿಗೆಯಲ್ಲಿ ಮೇಲಕ್ಕೆ ಕಳಿಸಿದ್ರು. ತನಿಖೆ ಆಗಿ ಅಂದಿನ ಲೋಕಾಯುಕ್ತರ ಮಗನ ಬಂಧನ ಆಯ್ತು. ಡಿಸೆಂಬರ್‌ನಲ್ಲಿ ಲೋಕಾಯುಕ್ತರು ರಾಜೀನಾಮೆ ಕೊಟ್ರು.

ಆವತ್ತು ಜನರ ನಂಬಿಕೆಗೆ ಏಟು ಬಿತ್ತು, ಸುಳ್ಳಲ್ಲ. ಮರುವರ್ಷ ಸರ್ಕಾರ ಇದನ್ನೇ ನೆಪ ಮಾಡ್ಕೊಂಡು ಲೋಕಾಯುಕ್ತದ ಹಲ್ಲು ಕಿತ್ತು ಎಸಿಬಿ ಅಂತ ಒಂದು ಮಾಡಿತು. 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಆ ಎಸಿಬಿಯನ್ನೇ ರದ್ದು ಮಾಡಿ ಅಧಿಕಾರವನ್ನ ಲೋಕಾಯುಕ್ತಕ್ಕೆ ವಾಪಸ್ ಕೊಡಿಸಿತು. ಇಷ್ಟೆಲ್ಲ ಆಗೋಕೆ ಸಾಧ್ಯ ಆಗಿದ್ದು ಆ ಎಂಜಿನಿಯರ್‌ಗೆ ದೂರು ಕೊಡೋಕೆ ಒಂದು ಟೇಬಲ್ ಇತ್ತು ಅನ್ನೋ ಕಾರಣಕ್ಕೆ. ಟೇಬಲ್ ಹಿಂದೆ ಹೆಸರಿನ ಬೋರ್ಡ್ ಇಟ್ಕೊಂಡ ಒಬ್ಬರಿದ್ರು, ಅವರು ಬರೆದದ್ದಕ್ಕೆ ಒಂದು ಫೈಲ್ ನಂಬರ್ ಇತ್ತು. ಕೇಪ್ ಹಾಕ್ಕೊಂಡು ಹಾರಿಹೋದವನ ಮೇಲೆ ಅದೇ ದೂರು ಇದ್ದಿದ್ರೆ ಆ ಎಂಜಿನಿಯರ್ ಯಾರ ಹತ್ತಿರ ಹೋಗಬೇಕಿತ್ತು?

ಈಗಲೂ ಆಗಾಗ ಬೆಳಗಿನ ಸುದ್ದಿಯಲ್ಲಿ ಲೋಕಾಯುಕ್ತ ದಾಳಿ ಬರುತ್ತೆ. ಟೇಬಲ್ ಮೇಲೆ ಹರಡಿದ ಬಂಗಾರ, ನೋಟಿನ ಕಂತೆ, ಗೋಡೆಗೆ ಒರಗಿಸಿದ ಬೆಳ್ಳಿ ತಟ್ಟೆಗಳ ಫೋಟೋ. ನಾವು ಶೇರ್ ಮಾಡಿ ಮರೀತೀವಿ. ಮೂರು ವರ್ಷದ ಹಿಂದಿನ ದಾಳಿಯ ಕೇಸು ಎಲ್ಲಿಗೆ ಬಂತು, ಚಾರ್ಜ್‌ಶೀಟ್ ಆಯ್ತಾ, ಆ ಅಧಿಕಾರಿ ಈಗ ಯಾವ ಹುದ್ದೆಯಲ್ಲಿದ್ದಾನೆ ಅಂತ ಕೇಳೋಕೆ ಆರ್‌ಟಿಐ ಅರ್ಜಿ ಹಾಕಬಹುದು. ಹತ್ತು ರೂಪಾಯಿ ಶುಲ್ಕ.